ಪ್ಲಗ್ ಪಾಯಿಂಟ್‌ಗೆ ಅರ್ಥಿಂಗ್ ‘ಇದೆ’ ಅಂದರೆ ಸಾಲದು, ಎಷ್ಟು ಓಮ್ ಎಂದು ಅಳೆಯಿರಿ

ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ. ಬರಿಗಾಲಲ್ಲಿ ನಿಂತು ಫ್ರಿಜ್ ಬಾಗಿಲು ತೆಗೆದರೆ ಸಣ್ಣಗೆ ಶಾಕ್ ಹೊಡೆಯುತ್ತದೆ. ಕಂಪ್ಯೂಟರ್ ಕ್ಯಾಬಿನೆಟ್ ಮೇಲೆ ಕೈ ಸವರಿದರೆ ಚುರುಚುರು ಅನ್ನುತ್ತದೆ. ಹೀಗೆ ಬರೆಯುವ ಓದುಗರೆಲ್ಲ ಕೊನೆಗೆ ಕೇಳುವುದು ಒಂದೇ: ಮನೆಯ ಅರ್ಥಿಂಗ್ ಸರಿಯಾಗಿದೆಯೇ ಎಂದು ನಾವೇ ನೋಡಿಕೊಳ್ಳುವುದು ಹೇಗೆ? ವೈರಿಂಗ್‌ನವರನ್ನು ಕರೆಸಿದ್ದೂ ಆಗಿರುತ್ತದೆ. ಅವರು ಒಂದು ಬಲ್ಬ್ ಉರಿಸಿ ತೋರಿಸಿ, ‘ಅರ್ಥಿಂಗ್ ಇದೆ ಸಾರ್’ ಎಂದು ಹೋಗಿರುತ್ತಾರೆ. ಶಾಕ್ ಮಾತ್ರ ಹಾಗೇ ಉಳಿದಿರುತ್ತದೆ.

ಅರ್ಥಿಂಗ್ ವಿಷಯದಲ್ಲಿ ‘ಇದೆಯೇ, ಇಲ್ಲವೇ’ ಎಂಬುದು ಅರ್ಧ ಪ್ರಶ್ನೆ. ಗೀಸರ್‌ನ ಕಾಯಿಲ್ ಒಡೆದು ಅದರ ಬಾಡಿಗೆ, ಅಂದರೆ ಲೋಹದ ಹೊರಮೈಗೆ, ಫೇಸ್ (ಕರೆಂಟ್ ತರುವ ತಂತಿ) ತಾಗಿದ ಕ್ಷಣದಲ್ಲಿ ಆ ಕರೆಂಟನ್ನು ನೆಲಕ್ಕೆ ಒಯ್ಯುವ ದಾರಿ ಎಷ್ಟು ಸಲೀಸಾಗಿದೆ ಎಂಬುದು ಉಳಿದ ಅರ್ಧ. ಅದಕ್ಕೆ ಉತ್ತರ ಸಿಗುವುದು ಓಮ್ ಲೆಕ್ಕದಲ್ಲಿ ಮಾತ್ರ.

ಮೊದಲು ಎರಡು ರೋಧಗಳನ್ನು ಬೇರೆ ಮಾಡಿಕೊಳ್ಳಿ

ಕರೆಂಟ್ ಹರಿಯುವುದಕ್ಕೆ ಒಂದು ವಸ್ತು ಒಡ್ಡುವ ತಡೆಗೆ ರೋಧ ಅಥವಾ ರೆಸಿಸ್ಟೆನ್ಸ್ ಎನ್ನುತ್ತೇವೆ. ಅದರ ಅಳತೆ ಓಮ್. ಅರ್ಥಿಂಗ್‌ನಲ್ಲಿ ಎರಡು ರೋಧಗಳಿವೆ. ಜನ ಅವೆರಡನ್ನೂ ಕಲಸಿ ಗೊಂದಲ ಮಾಡಿಕೊಳ್ಳುತ್ತಾರೆ.

ಒಂದು, ವೈರ್‌ನದು. ಪ್ಲಗ್ ಪಾಯಿಂಟ್‌ನ ದೊಡ್ಡ ತೂತಿನಿಂದ ಹೊರಟ ಹಸಿರು ವೈರ್ ಬೋರ್ಡಿನಿಂದ ಬೋರ್ಡಿಗೆ ದಾಟಿ, ಡಿಬಿ ಅಂದರೆ ಎಂಸಿಬಿಗಳು (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್‌ಗಳು) ಇರುವ ಡಬ್ಬಿಗೆ ಬಂದು, ಅಲ್ಲಿಂದ ಅಂಗಳದ ಅರ್ಥಿಂಗ್ ಗುಂಡಿಗೆ ಇಳಿಯುತ್ತದೆ. ಇದು ಎಲ್ಲೂ ತುಂಡಾಗದೆ ಸಾಗಿದೆಯೇ ಎಂದು ನೋಡುವುದೇ ಕಂಟಿನ್ಯೂಟಿ ಪರೀಕ್ಷೆ. ಈ ಇಡೀ ದಾರಿಯ ರೋಧ 1 ಓಮ್ ಮೀರಬಾರದು ಎಂಬುದು ನಮ್ಮಲ್ಲಿ ಬಹುಕಾಲದಿಂದ ಅನುಸರಿಸುತ್ತ ಬಂದಿರುವ ಮಿತಿ. ಸರಿಯಾಗಿ ವೈರಿಂಗ್ ಮಾಡಿದ ಮನೆಯಲ್ಲಿ ಅರ್ಧ ಓಮ್ ಕೂಡ ಬರುವುದಿಲ್ಲ.

ಇನ್ನೊಂದು, ಗುಂಡಿಯದು. ಹೂತಿಟ್ಟ ಪೈಪಿಗೂ ಸುತ್ತಲ ಭೂಮಿಗೂ ನಡುವಿನ ರೋಧ ಅದು. ಮನೆಗೆ 5 ಓಮ್ ಒಳಗಿದ್ದರೆ ಚೆನ್ನ ಎನ್ನುವುದು ರೂಢಿ. ಇದನ್ನು ಮಲ್ಟಿಮೀಟರ್‌ನಿಂದ ಅಳೆಯಲು ಬರುವುದಿಲ್ಲ. ಮಲ್ಟಿಮೀಟರಿನ ಒಂದು ಕಡ್ಡಿ ಪೈಪಿಗೆ, ಇನ್ನೊಂದು ಕಡ್ಡಿ ಮಣ್ಣಿಗೆ ಚುಚ್ಚಿ ಬಂದ ಅಂಕಿಗೆ ಯಾವ ಅರ್ಥವೂ ಇಲ್ಲ.

ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಯಾವುದೇ ಇರಲಿ, ಬೀದಿ ಕಂಬದಿಂದ ಸಾಮಾನ್ಯ ಮನೆಗೆ ಬರುವುದು ಫೇಸ್ ಮತ್ತು ಕರೆಂಟ್ ವಾಪಸಾಗುವ ನ್ಯೂಟ್ರಲ್, ಎರಡೇ ತಂತಿ. ಅರ್ಥಿಂಗ್ ಮನೆಯವರ ಜವಾಬ್ದಾರಿ. ಹಾಗಾಗಿ ಗೀಸರ್ ಬಾಡಿಗೆ ಫೇಸ್ ತಾಗಿದಾಗ ಆ ಕರೆಂಟ್ ನಿಮ್ಮ ಗುಂಡಿಗಿಳಿದು, ಮಣ್ಣಿನಲ್ಲಿ ಹಾದು, ಟ್ರಾನ್ಸ್‌ಫಾರ್ಮರ್ ಬುಡದ ಗುಂಡಿಯಲ್ಲಿ ಮೇಲೇರಿ ವಾಪಸಾಗಬೇಕು. ನಿಮ್ಮ ಗುಂಡಿ 5 ಓಮ್, ಅಲ್ಲಿನದು 2 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟನ್ನು 7ರಿಂದ ಭಾಗಿಸಿದರೆ ಸುಮಾರು 33 ಆಂಪ್. 16 ಆಂಪ್‌ನ ಸಿ ಮಾದರಿ ಎಂಸಿಬಿ ತಟ್ಟನೆ ಬೀಳಲು 80ರಿಂದ 160 ಆಂಪ್ ಬೇಕು. 33ಕ್ಕೆ ಅದು ನಿಧಾನವಾಗಿ ಬಿಸಿಯಾಗಿ, ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಹಾಗೇ ನಿಂತಿರಬಹುದು. ಅಷ್ಟು ಹೊತ್ತು ಗೀಸರ್ ಬಾಡಿಯಲ್ಲಿ 160 ವೋಲ್ಟ್‌ಗೂ ಹೆಚ್ಚು ಇರುತ್ತದೆ. ಗುಂಡಿ ಒಣಗಿ 20 ಓಮ್ ಆಗಿದ್ದರೆ ಹರಿಯುವುದು ಹತ್ತು ಚಿಲ್ಲರೆ ಆಂಪ್ ಅಷ್ಟೇ; ಎಂಸಿಬಿ ಬೀಳುವುದೇ ಇಲ್ಲ.

ಅದಕ್ಕೇ ಅರ್ಥಿಂಗ್ ಜೊತೆಗೆ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಇರಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಅಂಗಡಿಗಳಲ್ಲಿ ಈಗಲೂ ಇಎಲ್‌ಸಿಬಿ ಅನ್ನುತ್ತಾರಲ್ಲ, ಅದೇ. ಹೋದ ಕರೆಂಟಿಗೂ ಬಂದ ಕರೆಂಟಿಗೂ ಸಣ್ಣ ವ್ಯತ್ಯಾಸ ಕಂಡರೂ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಯಾರಾದರೂ ಮುಟ್ಟುವ ಮೊದಲೇ ಆ ವ್ಯತ್ಯಾಸ ಹುಟ್ಟಬೇಕಾದರೆ ಹಸಿರು ವೈರ್ ಕೂಡಿಕೊಂಡೇ ಇರಬೇಕು. ಒಂದಿದೆ ಎಂದು ಇನ್ನೊಂದನ್ನು ಬಿಡುವಂತಿಲ್ಲ.

ಸುಲಭದ ಪರೀಕ್ಷೆಗಳು ಎಲ್ಲಿ ಕೈಕೊಡುತ್ತವೆ

ಬಲ್ಬ್ ಪರೀಕ್ಷೆ ನಮ್ಮಲ್ಲಿ ಎಲ್ಲ ಕಡೆ ನಡೆಯುತ್ತದೆ. ಹೋಲ್ಡರಿನ ಒಂದು ವೈರ್ ಫೇಸಿಗೆ, ಇನ್ನೊಂದು ಅರ್ಥಿಂಗ್ ಪಿನ್ನಿಗೆ. ಬಲ್ಬ್ ಉರಿದರೆ ಪಾಸು. 100 ವ್ಯಾಟ್ ಬಲ್ಬ್ ಎಳೆಯುವುದು 0.43 ಆಂಪ್. ಅರ್ಥಿಂಗ್ ದಾರಿಯಲ್ಲಿ 20 ಓಮ್ ಇದ್ದರೂ ಅಲ್ಲಿ ಕಳೆದುಹೋಗುವುದು ಸುಮಾರು 9 ವೋಲ್ಟ್ ಮಾತ್ರ, ಬಲ್ಬಿಗೆ 220ರ ಆಸುಪಾಸು ಸಿಕ್ಕೇ ಸಿಗುತ್ತದೆ. ಕಣ್ಣಿಗೆ ವ್ಯತ್ಯಾಸವೇ ಕಾಣದು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಗುಂಡಿಯ ಹತ್ತಿರ ತಂತಿ ತುಂಡಾಗಿದ್ದರೆ, ಬಲ್ಬಿನ ಮೂಲಕ ಹೋದ ಫೇಸ್ ಮನೆಯೊಳಗಿನ ಹಸಿರು ವೈರಿಗೆಲ್ಲ ಹರಡುತ್ತದೆ. ಇಲ್ಲಿ ಹಾಲ್‌ನಲ್ಲಿ ಬಲ್ಬ್ ಹಿಡಿದು ನೋಡುತ್ತಿರುವಾಗ ಅಲ್ಲಿ ಅಡುಗೆಮನೆಯ ಫ್ರಿಜ್, ಹಿತ್ತಲ ವಾಷಿಂಗ್ ಮೆಷಿನ್ ಎಲ್ಲದರ ಬಾಡಿಯಲ್ಲೂ ಕರೆಂಟ್. ದಯವಿಟ್ಟು ಈ ಪರೀಕ್ಷೆ ಮಾಡಬೇಡಿ, ಮಾಡಲು ಬಿಡಲೂ ಬೇಡಿ.

ಮಲ್ಟಿಮೀಟರಿನ ಬೀಪ್ ಕೂಡ ನಂಬಿಕೆಗೆ ಅರ್ಹವಲ್ಲ. ಬಹುತೇಕ ಮೀಟರ್‌ಗಳು 30–50 ಓಮ್ ಕೆಳಗಿರುವ ಯಾವುದಕ್ಕೂ ಬೀಪ್ ಅನ್ನುತ್ತವೆ. ನಮಗೆ ಬೇಕಿರುವುದು 1 ಓಮ್ ಒಳಗಿನ ಮಾತು.

ಮೂರು ಲೈಟಿನ ಸಾಕೆಟ್ ಟೆಸ್ಟರ್ ಒಳ್ಳೆಯ ಸಾಧನ, ಮನೆಯಲ್ಲೊಂದು ಇರಲಿ. ಅರ್ಥಿಂಗ್ ಪೂರ್ತಿ ಇಲ್ಲದ್ದನ್ನೂ ಫೇಸ್-ನ್ಯೂಟ್ರಲ್ ಅದಲುಬದಲಾಗಿದ್ದನ್ನೂ ಅದು ಹಿಡಿಯುತ್ತದೆ. ಆದರೆ ರೋಧ ಎಷ್ಟೆಂದು ಹೇಳದು. ನ್ಯೂಟ್ರಲನ್ನೇ ಅರ್ಥಿಂಗ್ ಪಿನ್ನಿಗೆ ಲೂಪ್ ಕೊಟ್ಟಿದ್ದರೂ ‘ಸರಿ’ ಎಂದೇ ತೋರಿಸುತ್ತದೆ. ಆ ಲೂಪ್ ಎಷ್ಟು ಅಪಾಯ ಎಂದು ಮುಂದೆ ಹೇಳುತ್ತೇನೆ.

ಆರ್‌ಸಿಸಿಬಿಯ ‘ಟಿ’ ಬಟನ್ ಒತ್ತಿದರೆ ಬಿತ್ತು, ಆದ್ದರಿಂದ ಅರ್ಥಿಂಗ್ ಸರಿಯಿದೆ ಎಂದು ಹಲವರು ಬರೆಯುತ್ತಾರೆ. ಆ ಬಟನ್ ಪರೀಕ್ಷಿಸುವುದು ಆರ್‌ಸಿಸಿಬಿಯ ಒಳಗಿನ ಯಂತ್ರವನ್ನು ಮಾತ್ರ. ಮನೆಗೆ ಗುಂಡಿಯನ್ನೇ ತೋಡಿರದಿದ್ದರೂ ಅದು ಬೀಳುತ್ತದೆ.

ಏನೇನು ಬೇಕು

200 ಓಮ್ ರೇಂಜ್ ಇದ್ದು 0.1 ಓಮ್‌ವರೆಗೆ ತೋರಿಸುವ ಡಿಜಿಟಲ್ ಮಲ್ಟಿಮೀಟರ್. ಅದರ ಮೇಲೆ ಕ್ಯಾಟ್ 3, 600 ವೋಲ್ಟ್ ಎಂದು ಬರೆದಿರಲಿ. ಹೆಚ್ಚು ವೋಲ್ಟೇಜಿನ ಏಟು ತಡೆಯುವ ಶಕ್ತಿಯ ದರ್ಜೆ ಅದು. ಸಂತೆಯ ನೂರಿನ್ನೂರು ರೂಪಾಯಿಯ ಮೀಟರನ್ನು ಮೇನ್ ಲೈನಿಗೆ ಹಿಡಿಯಬೇಡಿ.

30 ಮೀಟರಿನಷ್ಟು 1.5 ಚದರ ಮಿಲಿಮೀಟರಿನ ಫ್ಲೆಕ್ಸಿಬಲ್ ವೈರ್, ಅಂಗಡಿಯಲ್ಲಿ ‘ಒಂದೂವರೆ ಎಂಎಂ’ ಅಂದರೆ ಕೊಡುತ್ತಾರೆ. ಮಹಡಿ ಮನೆಯಾದರೆ ಇನ್ನೂ ಉದ್ದ ಬೇಕಾಗಬಹುದು. ಅದರ ತುದಿಗೆ ಗಟ್ಟಿಯಾದ ಮೊಸಳೆ ಕ್ಲಿಪ್. ಮತ್ತೆ ಎರಡು ತ್ರೀ ಪಿನ್ ಟಾಪ್ (ಮೂರು ಪಿನ್ನಿನ ಬಿಡಿ ಪ್ಲಗ್): ಒಂದು 6 ಆಂಪ್‌ನದು, ಇನ್ನೊಂದು ಗೀಸರ್ ಪಾಯಿಂಟಿಗೆ ಹಾಕುವ 16 ಆಂಪ್‌ನದು. ಇವನ್ನು ಬಿಚ್ಚಿ ದೊಡ್ಡ ಪಿನ್ನಿಗೆ ಮಾತ್ರ ಒಂದು ಗೇಣು ವೈರ್ ಕಟ್ಟಿ ಹೊರಗೆ ತನ್ನಿ. ಉಳಿದೆರಡು ಪಿನ್ನಿಗೆ ಏನನ್ನೂ ಕಟ್ಟಬೇಡಿ. ಸಾಕೆಟ್ ತೂತಿಗೆ ಮೀಟರ್ ಕಡ್ಡಿ ತುರುಕಿ ಒಂದು ಪಕ್ಕಕ್ಕೆ ತಾಗಿಸಿದರೆ ಅಂಕಿ ಕುಣಿಯುತ್ತಿರುತ್ತದೆ. ಪಿನ್ ಟಾಪ್ ಹಾಕಿದರೆ ಗೀಸರ್ ಪ್ಲಗ್ ಹೇಗೆ ಕೂರುತ್ತದೋ ಹಾಗೇ ಕೂತು ನಿಜವಾದ ಅಳತೆ ಬರುತ್ತದೆ. ಶಟರ್ ಇರುವ ಸಾಕೆಟ್ ಕೂಡ ತಾನಾಗಿ ತೆರೆದುಕೊಳ್ಳುತ್ತದೆ.

ಒಂದು ನೋಟ್‌ಬುಕ್. ಮತ್ತೊಬ್ಬರು ಜೊತೆಗಿರಲಿ.

ಮಿತಿಯನ್ನೂ ಹೇಳಿಬಿಡುತ್ತೇನೆ. ಕರೆಂಟ್ ಪೂರ್ತಿ ತೆಗೆದು ಓಮ್ ಅಳೆಯುವುದು, ಸಾಕೆಟ್‌ನಲ್ಲಿ ವೋಲ್ಟೇಜ್ ನೋಡುವುದು ನಿಮ್ಮ ಕೆಲಸ. ಬೋರ್ಡ್ ಬಿಚ್ಚಿ ಸರಿಪಡಿಸುವುದು, ಡಿಬಿ ಮುಚ್ಚಳ ತೆಗೆಯುವುದು, ಮೀಟರ್ ಬೋರ್ಡ್ ಮುಟ್ಟುವುದು ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಇರುವ ವೈರ್‌ಮನ್ ಕೆಲಸ. ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ಅದರ ಮೇಲ್ತುದಿಗೆ ಬರುವ ಎರಡು ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಡಿಬಿ ಬಿಚ್ಚಬೇಡಿ ಎನ್ನುವುದು ಅದಕ್ಕೇ.

ಹಂತ 1: ಕರೆಂಟ್ ನಿಜವಾಗಿ ತೆಗೆಯಿರಿ

ಮೊದಲು ಒಂದು ಸಾಕೆಟ್‌ನ ವೋಲ್ಟೇಜ್ ನೋಡಿಟ್ಟುಕೊಳ್ಳಿ (ಹೇಗೆಂದು ಕೆಳಗಿದೆ), ಆಮೇಲೆ ಡಿಬಿಯ ಮೇನ್ ಆಫ್ ಮಾಡಿ. ನಂತರ ಇನ್ವರ್ಟರ್. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ: ಮೇನ್ ಬಿದ್ದ ಕೂಡಲೇ ಇನ್ವರ್ಟರ್ ಎಚ್ಚೆತ್ತು ಅರ್ಧ ಮನೆಗೆ 230 ವೋಲ್ಟ್ ಕೊಡುತ್ತಿರುತ್ತದೆ. ಅದರ ಮುಂದಿನ ಸ್ವಿಚ್ ಆಫ್ ಮಾಡಿ, ಹೊರಹೋಗುವ ಪ್ಲಗ್ ಅಥವಾ ಎಂಸಿಬಿಯನ್ನೂ ತೆಗೆಯಿರಿ. ಚಾವಣಿಯಲ್ಲಿ ಸೋಲಾರ್ ವಿದ್ಯುತ್ ಇದ್ದರೆ ಅದರ ಸ್ವಿಚ್ ಕೂಡ. ಅಪಾರ್ಟ್‌ಮೆಂಟ್‌ನಲ್ಲಿ ಜನರೇಟರ್ ತಾನಾಗಿ ಶುರುವಾಗಿ ಬೇರೆ ವೈರಿನಿಂದ ಒಳಬರುವ ವ್ಯವಸ್ಥೆ ಇದ್ದೀತು. ಮೊದಲೇ ಕೇಳಿ ತಿಳಿದುಕೊಳ್ಳಿ. ಮೇನ್ ಮೇಲೆ ‘ಕೆಲಸ ನಡೆಯುತ್ತಿದೆ, ಆನ್ ಮಾಡಬೇಡಿ’ ಎಂದು ಚೀಟಿ ಅಂಟಿಸಿ.

ಈಗ ಕರೆಂಟ್ ಹೋಗಿದೆ ಎಂದು ಖಚಿತ ಮಾಡಿಕೊಳ್ಳಬೇಕು. ಮೇನ್ ತೆಗೆಯುವ ಮೊದಲೇ ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಸಾಕೆಟ್‌ನಲ್ಲಿ 230ರ ಆಸುಪಾಸು ತೋರಿಸುತ್ತದೆಯೇ ನೋಡಿರಬೇಕು. ತೆಗೆದ ಮೇಲೆ ಅಳೆಯಲಿರುವ ಪ್ರತಿ ಸಾಕೆಟ್‌ನಲ್ಲೂ ಸೊನ್ನೆ ಬರಬೇಕು. ಮೀಟರ್ ಕೆಟ್ಟಿದ್ದರೂ ಸೊನ್ನೆಯೇ ತೋರಿಸುತ್ತದೆ ಎಂಬುದನ್ನು ಮರೆಯಬೇಡಿ, ಮೊದಲು ನೋಡಿಟ್ಟುಕೊಳ್ಳಲು ಹೇಳಿದ್ದು ಅದಕ್ಕೆ.

ಹಂತ 2: ಎಲ್ಲ ಪ್ಲಗ್ ಕಿತ್ತಿಡಿ

ಫ್ರಿಜ್, ಟಿವಿ, ವಾಷಿಂಗ್ ಮೆಷಿನ್, ಗೀಸರ್, ನೀರಿನ ಮೋಟರ್, ಯಾವುದನ್ನೂ ಬಿಡಬೇಡಿ. ಗೀಸರ್‌ಗೆ ಕಬ್ಬಿಣದ ನೀರಿನ ಪೈಪ್ ಇದ್ದರೆ ಅದು ಗೋಡೆಯೊಳಗೆ ಇನ್ನೊಂದು ಗೀಸರನ್ನು ಮುಟ್ಟಿರುತ್ತದೆ. ಟಿವಿಯ ಕೇಬಲ್ ಜಾಲರಿ ಪಕ್ಕದ ಮನೆಗೂ ಹೋಗಿರುತ್ತದೆ. ಇಂಥ ಕಳ್ಳದಾರಿಗಳಿಂದ ಹಸಿರು ವೈರ್ ತುಂಡಾಗಿದ್ದರೂ ಮೀಟರ್ ಸರಿಯಿದೆ ಎಂದು ತೋರಿಸಿಬಿಡುತ್ತದೆ.

ಹಂತ 3: ಉದ್ದ ವೈರನ್ನು ಗುಂಡಿಯಿಂದ ತನ್ನಿ

ಡಿಬಿ ಮುಟ್ಟದೆಯೇ ಅಳೆಯಲು ದಾರಿಯಿದೆ. ಅಂಗಳದ ಅರ್ಥಿಂಗ್ ಗುಂಡಿಯ ಮುಚ್ಚಳ ತೆಗೆದರೆ ಪೈಪಿಗೆ ಬೋಲ್ಟ್ ಹಾಕಿ ಬಿಗಿದ ಜಿಐ (ಸತು ಲೇಪಿಸಿದ ಕಬ್ಬಿಣ) ಅಥವಾ ತಾಮ್ರದ ಪಟ್ಟಿ ಕಾಣುತ್ತದೆ. ಮುಟ್ಟುವ ಮೊದಲು ಚಪ್ಪಲಿ ಹಾಕಿರಿ. ಆ ಬೋಲ್ಟಿನ ತುಕ್ಕನ್ನು ಸ್ಯಾಂಡ್ ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ, ಮೊಸಳೆ ಕ್ಲಿಪ್ ಕಚ್ಚಿಸಿ. ಇಲ್ಲಿಯ ತುಕ್ಕೇ ನಿಮ್ಮ ಅಳತೆಗೆ ಎರಡು ಮೂರು ಓಮ್ ಸೇರಿಸಿಬಿಡಬಲ್ಲದು.

ಪೋರ್ಟಿಕೋಗೆ ಟೈಲ್ಸ್ ಹಾಕುವಾಗ ಗುಂಡಿಯನ್ನೇ ಮುಚ್ಚಿಬಿಟ್ಟ ಮನೆಗಳು ಬಹಳ. ಹಾಗಿದ್ದರೆ ವೈರ್‌ಮನ್ ಕರೆಸಿ, ಡಿಬಿಯೊಳಗಿನ ಅರ್ಥಿಂಗ್ ಪಟ್ಟಿಯಿಂದ ಅಳತೆ ತೆಗೆಸಿ. ಆ ಗುಂಡಿಯನ್ನು ಹುಡುಕಿ ತೆರೆಸುವ ಕೆಲಸ ಆಮೇಲಾದರೂ ಆಗಲೇಬೇಕು.

ಹಂತ 4: ವೈರಿನ ಸ್ವಂತ ರೋಧ ಕಳೆಯಿರಿ

ಅಳೆಯುವ ವೈರಿಗೂ ರೋಧವಿದೆ. 1.5 ಚದರ ಮಿ.ಮೀ. ತಾಮ್ರದ ವೈರ್ ಕಿಲೋಮೀಟರಿಗೆ 12.1 ಓಮ್, 30 ಮೀಟರಿಗೆ 0.36. ಮೀಟರಿನ ಕಡ್ಡಿಗಳದ್ದು ಇನ್ನೊಂದು 0.2–0.3. ಉದ್ದ ವೈರಿನ ಎರಡೂ ತುದಿಯನ್ನು ಮೀಟರಿಗೆ ಕೊಟ್ಟು ಬಂದ ಅಂಕಿಯನ್ನು ಬರೆದಿಡಿ, 0.6 ಎಂದಿಟ್ಟುಕೊಳ್ಳೋಣ. ಮುಂದೆ ಬರುವ ಪ್ರತಿ ಅಂಕಿಯಿಂದಲೂ ಇದನ್ನು ಕಳೆಯಬೇಕು. ಈ ಹಂತ ಬಿಟ್ಟವರೇ ‘ಎಲ್ಲ ಪಾಯಿಂಟಿನಲ್ಲೂ 1 ಓಮ್ ಬರುತ್ತಿದೆ, ಏನು ಮಾಡಲಿ’ ಎಂದು ಗಾಬರಿಯಾಗುವುದು.

ಹಂತ 5: ಒಂದೊಂದೇ ಪಾಯಿಂಟ್ ಅಳೆಯಿರಿ

ಮೀಟರ್ 200 ಓಮ್‌ಗೆ ಇರಲಿ. ಉದ್ದ ವೈರ್ ಒಂದು ಕಡ್ಡಿಗೆ, ಪಿನ್ ಟಾಪಿನ ವೈರ್ ಇನ್ನೊಂದಕ್ಕೆ. ಡಿಬಿಗೆ ಹತ್ತಿರದ ಪಾಯಿಂಟಿನಿಂದ ಶುರು ಮಾಡಿ ದೂರದ್ದಕ್ಕೆ ಹೋಗಿ. ಪಿನ್ ಟಾಪನ್ನು ಎರಡು ಮೂರು ಸಲ ಹಾಕಿ ತೆಗೆದು ಆಮೇಲೆ ಓದಿ. ಸಾಕೆಟ್ ಒಳಗಿನ ಹಿತ್ತಾಳೆಯ ಕಪ್ಪು ಕಳೆದು ಅಂಕಿ ನಿಲ್ಲುತ್ತದೆ.

ಎಷ್ಟು ಬರಬೇಕು? ಲೆಕ್ಕ ಹಾಕಬಹುದು. 2.5 ಚದರ ಮಿ.ಮೀ. ತಾಮ್ರ ಕಿಲೋಮೀಟರಿಗೆ 7.41 ಓಮ್, 1 ಚದರ ಮಿ.ಮೀ. 18.1 ಓಮ್. ಡಿಬಿಯಿಂದ ಮಹಡಿಯ ಗೀಸರ್‌ಗೆ ವೈರ್ 18 ಮೀಟರ್ ಓಡಿದ್ದರೆ 2.5ರ ಹಸಿರು ವೈರಿನಲ್ಲಿ 0.13, ಒಂದೂವರೆಯದರಲ್ಲಿ 0.22, ಒಂದರದ್ದರಲ್ಲಿ 0.33. ಗುಂಡಿಯಿಂದ ಡಿಬಿವರೆಗಿನ ದಪ್ಪ ತಂತಿಗೆ ಇನ್ನೊಂದು 0.1–0.2 ಸೇರಿಸಿ. ಅಂದರೆ ಕಳೆದು ಉಳಿದದ್ದು ಅರ್ಧ ಓಮ್ ಆಸುಪಾಸು ಅಥವಾ ಕೆಳಗಿದ್ದರೆ ವೈರ್ ಚೆನ್ನಾಗಿದೆ.

ಒಂದೆರಡು ಓಮ್ ಬಂದರೆ ಎಲ್ಲೋ ಸ್ಕ್ರೂ ಸಡಿಲ ಅಥವಾ ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಜೋಡಣೆ ಇದೆ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಗೆ ತಾಮ್ರ ಹಸಿರು ಕಿಲುಬು ಹಿಡಿದಿರುವುದೂ ಸಾಮಾನ್ಯ. ಪಿನ್ ಟಾಪನ್ನು ಮೆಲ್ಲಗೆ ಅಲ್ಲಾಡಿಸಿದಾಗ ಅಂಕಿ 0.4ರಿಂದ 6ಕ್ಕೆ, ಮತ್ತೆ 1ಕ್ಕೆ ಜಿಗಿಯುತ್ತಿದ್ದರೆ ಸರಾಸರಿ ತೆಗೆಯಲು ಹೋಗಬೇಡಿ, ಆ ಪಾಯಿಂಟ್ ಫೇಲ್ ಎಂದು ಬರೆಯಿರಿ. ಮೀಟರ್ ‘ಓಎಲ್’ ಎಂದರೆ, ಅಥವಾ ಕೆಲವು ಮೀಟರ್‌ಗಳಲ್ಲಿ ಎಡತುದಿಗೆ ಬರೇ 1 ನಿಂತರೆ, ದಾರಿಯೇ ಇಲ್ಲ.

ಕಡ್ಡಿಗಳನ್ನು ಅದಲುಬದಲು ಮಾಡಿಯೂ ಒಮ್ಮೆ ಓದಿ. ಎರಡೂ ಸಲ ಒಂದೇ ಬರಬೇಕು. ಬೇರೆ ಬಂದರೆ ವೈರಿನಲ್ಲಿ ಎಲ್ಲಿಂದಲೋ ವೋಲ್ಟೇಜ್ ಸೇರಿಕೊಂಡಿದೆ; ಹಂತ 1ಕ್ಕೆ ಹಿಂತಿರುಗಿ.

ನಮ್ಮ ಮನೆಗಳಲ್ಲಿ ಹಸಿರು ವೈರ್ ಬೋರ್ಡಿನಿಂದ ಬೋರ್ಡಿಗೆ ಸಾಲಾಗಿ ಹೋಗುತ್ತದೆ. ಅದರಿಂದ ಒಂದು ಅನುಕೂಲವಿದೆ: ಹಾಲ್ ಸರಿ, ಮೊದಲ ರೂಮು ಸರಿ, ಎರಡನೆಯದರಿಂದ ಮುಂದೆ ಎಲ್ಲವೂ ಫೇಲ್ ಅಂದರೆ ತಪ್ಪು ಇರುವುದು ಆ ಎರಡು ರೂಮುಗಳ ಬೋರ್ಡಿನ ನಡುವೆ. ಯೂಟ್ಯೂಬ್‌ನಲ್ಲಿ ಬ್ರಿಟನ್‌ನವರು ರಿಂಗ್ ಸರ್ಕ್ಯೂಟ್ ಅಳೆಯುವ ವಿಡಿಯೋಗಳನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ವೈರ್ ಸುತ್ತು ಹೊಡೆದು ಮತ್ತೆ ಡಿಬಿಗೇ ಬರುತ್ತದೆ, ನಮ್ಮಲ್ಲಿ ಹಾಗಿಲ್ಲ.

ಈ ಹಂತಕ್ಕೂ ಒಂದು ಮಿತಿಯಿದೆ. ಮಲ್ಟಿಮೀಟರ್ ಹರಿಸುವುದು ಒಂದು ಮಿಲಿ ಆಂಪ್ ಆಸುಪಾಸಿನ ಕರೆಂಟ್. ಹಲವು ಎಳೆಗಳ ವೈರಿನಲ್ಲಿ ಒಂದೇ ಎಳೆ ಸ್ಕ್ರೂಗೆ ಸಿಕ್ಕಿ ಉಳಿದವು ತುಂಡಾಗಿದ್ದರೂ ಅದಕ್ಕೆ ತಿಳಿಯದು. 0.3 ಮಿ.ಮೀ. ದಪ್ಪದ ಒಂದು ಎಳೆ, ಒಂದು ಸೆಂಟಿಮೀಟರ್ ಉದ್ದ, ಸೇರಿಸುವುದು ಒಂದು ಓಮ್‌ನ ಸಾವಿರದಲ್ಲಿ ಎರಡು ಮೂರು ಪಾಲು. ಫಾಲ್ಟ್ ಬಂದಾಗ ಆ ಎಳೆ ಫ್ಯೂಸಿನಂತೆ ಸುಟ್ಟುಹೋಗುತ್ತದೆ. ಕಂಟಿನ್ಯೂಟಿಗೆಂದೇ ಇರುವ, ಕನಿಷ್ಠ 200 ಮಿಲಿ ಆಂಪ್ ಹರಿಸುವ ಟೆಸ್ಟರ್ ವೈರ್‌ಮನ್ ಬಳಿ ಇದ್ದರೆ ಅದು ತುಕ್ಕು, ಕಿಲುಬನ್ನು ಚೆನ್ನಾಗಿ ಹಿಡಿಯುತ್ತದೆ. ಒಂಟಿ ಎಳೆಯನ್ನು ಹಿಡಿಯಲು ಅದಕ್ಕೂ ಆಗದು. ಬೋರ್ಡ್ ಬಿಚ್ಚಿದಾಗ ಪ್ರತಿ ಹಸಿರು ವೈರನ್ನು ಹಿಡಿದು ಎಳೆದು ನೋಡಲು ಹೇಳಿ.

ಹಂತ 6: ನ್ಯೂಟ್ರಲ್ ಜೊತೆ ಕಳ್ಳಸಂಬಂಧ ಇದೆಯೇ ನೋಡಿ

ಸಾಕೆಟ್‌ಗೆ ಎದುರಾಗಿ ನಿಂತರೆ ಮೇಲೆ ಅರ್ಥಿಂಗ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್ ಇರಬೇಕು. ಹಸಿರು ವೈರ್ ಎಳೆದಿರದ ಕಡೆ ಕೆಲವರು ಎಡಗಡೆಯ ನ್ಯೂಟ್ರಲಿನಿಂದಲೇ ಎರಡು ಇಂಚು ವೈರನ್ನು ಅರ್ಥಿಂಗ್ ಪಿನ್ನಿಗೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಟೆಸ್ಟರ್ ಸರಿ ಎನ್ನುತ್ತದೆ, ಗ್ರೈಂಡರ್ ಶಾಕ್ ಹೊಡೆಯುವುದು ನಿಲ್ಲುತ್ತದೆ, ಮನೆಯವರು ದುಡ್ಡು ಕೊಟ್ಟು ಕಳಿಸುತ್ತಾರೆ. ಮುಂದೊಂದು ದಿನ ಆ ಪಾಯಿಂಟಿನ ಹಿಂದೆ ಎಲ್ಲೋ ನ್ಯೂಟ್ರಲ್ ಸಡಿಲವಾಗುತ್ತದೆ. ಆಗ ಫೇಸ್ ಗ್ರೈಂಡರಿನ ಮೋಟರ್ ಮೂಲಕ ಹಾದು, ಕಡಿದ ನ್ಯೂಟ್ರಲಿಗೆ ಬಂದು, ಆ ಎರಡು ಇಂಚಿನ ವೈರಿನಿಂದ ನೇರ ಬಾಡಿಗೆ ಏರುತ್ತದೆ. ಇನ್ನೂ ಒಂದು ಕೇಡಿದೆ. ಬಾಡಿಗೆ ತಾಗಿದ ಕರೆಂಟ್ ನ್ಯೂಟ್ರಲಿನಲ್ಲೇ ವಾಪಸಾಗುವುದರಿಂದ ಹೋದದ್ದು ಬಂದದ್ದು ಸಮವಾಗಿ, ಆರ್‌ಸಿಸಿಬಿಗೆ ಏನೂ ತಿಳಿಯುವುದಿಲ್ಲ. ಇಷ್ಟು ಅಗ್ಗದ ಕೆಲಸದಲ್ಲಿ ಇಷ್ಟು ದೊಡ್ಡ ಮೋಸ ಮನೆ ವೈರಿಂಗ್‌ನಲ್ಲಿ ಇನ್ನೊಂದಿಲ್ಲ.

ಹಿಡಿಯುವುದು ಹೀಗೆ. ಮೇನ್ ಮತ್ತು ಆರ್‌ಸಿಸಿಬಿ ಎರಡೂ ಆಫ್ ಇರಲಿ. ಇವು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಜೋಡಿ ಸ್ವಿಚ್‌ಗಳಾಗಿರಬೇಕು. ಸಾಕೆಟ್‌ನ ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಓಮ್ ಅಳೆಯಿರಿ. ‘ಓಎಲ್’ ಅಥವಾ ಬಹಳ ದೊಡ್ಡ ಅಂಕಿ ಬರಬೇಕು. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಎರಡೂ ಕೂಡಿವೆ. ನ್ಯೂಟ್ರಲ್ ಒಂದೇ ಎಲ್ಲ ಬೋರ್ಡಿಗೂ ಸಾಗುವುದರಿಂದ, ಹಂತ 5ರಲ್ಲಿ ಬರೆದಿಟ್ಟ ಅಂಕಿಗಳ ಜೊತೆ ಹೋಲಿಸಿ: ನ್ಯೂಟ್ರಲ್-ಅರ್ಥಿಂಗ್ ಅಂಕಿ ಅತಿ ಕಡಿಮೆ ಬರುವ ಸಾಕೆಟ್‌ನಲ್ಲೇ ಅಥವಾ ಅದರ ಪಕ್ಕದಲ್ಲೇ ಲೂಪ್ ಇರುತ್ತದೆ. ಹಳೆಯ ಮನೆಗಳಲ್ಲಿ ಮೇನ್ ಸ್ವಿಚ್ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಕಂಬಕ್ಕೆ ಕೂಡಿಕೊಂಡೇ ಇರುತ್ತದೆ. ಅಲ್ಲಿ ಈ ಅಳತೆ ಕೆಲಸಕ್ಕೆ ಬಾರದು. ವೈರ್‌ಮನ್ ಕೈಯಲ್ಲಿ ನ್ಯೂಟ್ರಲ್ ಬಿಡಿಸಿ ನೋಡಬೇಕು.

ಹಂತ 7: ಗುಂಡಿ

ಇದಕ್ಕೆ ಅರ್ಥ್ ಟೆಸ್ಟರ್ ಬೇಕು, ನಮ್ಮವರು ‘ಅರ್ಥ್ ಮೆಗ್ಗರ್’ ಅನ್ನುವುದು ಇದಕ್ಕೇ. ಬಾಡಿಗೆಗೆ ಕರೆಸಿದರೂ ಹೇಗೆ ಅಳೆಯುತ್ತಾರೆ ಎಂದು ನಿಮಗೆ ಗೊತ್ತಿರಲಿ. ಮನೆಯ ಕರೆಂಟ್ ಪೂರ್ತಿ ಆಫ್ ಇರುವಾಗ ಗುಂಡಿಯ ಪೈಪಿನಿಂದ ಮನೆಯ ತಂತಿ ಬಿಡಿಸಬೇಕು. ಪೈಪಿನಿಂದ 30 ಮೀಟರ್ ಆಚೆ ಒಂದು ಗೂಟ, ಅದೇ ನೇರದಲ್ಲಿ ಶೇಕಡ 62ರಷ್ಟು ದೂರದಲ್ಲಿ, ಅಂದರೆ ಸುಮಾರು 18.5 ಮೀಟರಿಗೆ, ಇನ್ನೊಂದು ಗೂಟ. ನಡುವಿನ ಗೂಟವನ್ನು ಮೂರು ಮೀಟರ್ ಹಿಂದೆ, ಮೂರು ಮೀಟರ್ ಮುಂದೆ ಸರಿಸಿ ಮತ್ತೆರಡು ಸಲ ಅಳೆಯಬೇಕು. ಮೂರೂ ಹೆಚ್ಚುಕಡಿಮೆ ಒಂದೇ ಬಂದರೆ ಅಂಕಿ ನಂಬಬಹುದು. ಒಂದೇ ಅಂಕಿ ಬರೆದುಕೊಂಡು ಹೊರಟರೆ ತಡೆದು ಕೇಳಿ. ಅಳತೆ ಮುಗಿದ ಮೇಲೆ ಬಿಡಿಸಿದ ತಂತಿಯನ್ನು ಬಿಗಿದು, ನಿಮ್ಮ ಕಣ್ಣಿಂದ ನೋಡಿ, ಆಮೇಲಷ್ಟೇ ಮೇನ್ ಹಾಕಿ.

ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ 30 ಮೀಟರ್ ಎಲ್ಲಿ ತರುವುದು? ರಸ್ತೆ ಬದಿಯ ಮಣ್ಣು ಸಿಕ್ಕರೆ ಆದೀತು. ಇಲ್ಲದಿದ್ದರೆ ಸಾಕೆಟ್‌ಗೆ ಹಾಕುವ ಅರ್ಥ್ ಲೂಪ್ ಟೆಸ್ಟರ್ ಇದೆ. ಅದು ನಿಮ್ಮ ವೈರ್, ಗುಂಡಿ, ಮಣ್ಣು, ಟ್ರಾನ್ಸ್‌ಫಾರ್ಮರ್ ಗುಂಡಿ ಎಲ್ಲ ಸೇರಿದ ಒಟ್ಟು ರೋಧ ಕೊಡುತ್ತದೆ. ಒಟ್ಟೇ 6 ಓಮ್ ಬಂದರೆ ನಿಮ್ಮ ಗುಂಡಿ ಅದಕ್ಕಿಂತ ಕಡಿಮೆ ಎಂದಾಯಿತು, ಅಷ್ಟು ಸಾಕು. ತಂತಿಗೆ ಕಚ್ಚಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಒಂಟಿ ಗುಂಡಿಯ ಮನೆಗೆ ಹೊಂದುವುದಿಲ್ಲ, ಅದಕ್ಕೆ ಕರೆಂಟ್ ಸುತ್ತಿ ಬರುವ ಇನ್ನೊಂದು ಅರ್ಥಿಂಗ್ ದಾರಿ ಬೇಕು.

ಅಳೆಯುವ ಕಾಲ ಏಪ್ರಿಲ್-ಮೇ. ಆಷಾಢದ ಮಳೆಯಲ್ಲಿ ನೆನೆದ ಗುಂಡಿ ಚೆನ್ನಾಗೇ ತೋರಿಸುತ್ತದೆ. ಧಾರವಾಡ, ಗದಗ, ವಿಜಯಪುರದ ಎರೆಮಣ್ಣು ತೇವ ಹಿಡಿದಾಗ ಬಹಳ ಒಳ್ಳೆಯದು, ಬೇಸಿಗೆಯಲ್ಲಿ ಬಿರಿದು ಪೈಪಿನಿಂದಲೇ ದೂರ ಸರಿಯುತ್ತದೆ. ಕರಾವಳಿಯ ಮುರಕಲ್ಲು, ಬೆಂಗಳೂರು-ಕೋಲಾರದ ಬಂಡೆನೆಲದಲ್ಲಿ ಒಂದು ಗುಂಡಿಗೆ 5 ಓಮ್ ಸಿಗುವುದೇ ಕಷ್ಟ. ಪೈಪಿನ ಉದ್ದದಷ್ಟು ದೂರ ಬಿಟ್ಟು ಇನ್ನೊಂದು ಗುಂಡಿ ತೋಡಿ ಎರಡನ್ನೂ ಕೂಡಿಸಬೇಕಾಗುತ್ತದೆ. ಪೈಪು 40 ಮಿ.ಮೀ. ದಪ್ಪದ ಜಿಐ, ಎರಡೂವರೆ ಮೀಟರ್ ಉದ್ದ. ಇದ್ದಿಲು, ಉಪ್ಪು ತುಂಬುವುದು ರೂಢಿ. ಉಪ್ಪು ರೋಧವನ್ನೂ ಇಳಿಸುತ್ತದೆ, ವರ್ಷಗಳಲ್ಲಿ ಪೈಪನ್ನೂ ತಿನ್ನುತ್ತದೆ. ಹಾಗಾಗಿ ಹದಿನೈದು ವರ್ಷದ ಗುಂಡಿಗೆ ಎರಡು ಬಿಂದಿಗೆ ನೀರು ಸುರಿದು ಸಮಾಧಾನಪಡುವ ಬದಲು ಅಳೆಸಿ.

ಅಪಾರ್ಟ್‌ಮೆಂಟಿಗೆ ಸ್ವಂತ ಟ್ರಾನ್ಸ್‌ಫಾರ್ಮರ್ ಇದ್ದರೆ ಗುಂಡಿಗಳು ಎಲ್ಲರಿಗೂ ಸೇರಿದವು. ಅಳತೆಯ ದಾಖಲೆಯನ್ನು ಅಸೋಸಿಯೇಷನ್‌ನವರಲ್ಲಿ ಕೇಳಿ ಪಡೆಯಿರಿ. ಫ್ಲ್ಯಾಟಿನೊಳಗೆ ನೀವು ಮಾಡಬೇಕಾದದ್ದು 1, 2, 4, 5, 6, 8ನೇ ಹಂತಗಳು. ಉದ್ದ ವೈರನ್ನು ಮಾತ್ರ ವೈರ್‌ಮನ್ ಡಿಬಿಯ ಅರ್ಥಿಂಗ್ ಪಟ್ಟಿಯಿಂದ ಕೊಡಬೇಕು.

ಹಂತ 8: ಕರೆಂಟ್ ಹಾಕಿದ ಮೇಲೆ

ಮೊದಲು ಆರ್‌ಸಿಸಿಬಿ ಟಿ ಬಟನ್ ಒತ್ತಿ ಬೀಳಿಸಿ, ಮತ್ತೆ ಎತ್ತಿ. ನಂತರ ಮೂರು ಅಳತೆ: ಫೇಸ್-ನ್ಯೂಟ್ರಲ್ 230ರ ಆಸುಪಾಸು, ಫೇಸ್-ಅರ್ಥಿಂಗ್ ಬಹುತೇಕ ಅಷ್ಟೇ, ನ್ಯೂಟ್ರಲ್-ಅರ್ಥಿಂಗ್ ಒಂದೆರಡು ವೋಲ್ಟ್. ಫೇಸ್-ಅರ್ಥಿಂಗ್ 110ರ ಹತ್ತಿರ, ನ್ಯೂಟ್ರಲ್-ಅರ್ಥಿಂಗ್ ಕೂಡ ನೂರರ ಹತ್ತಿರ ಬಂದರೆ ಅರ್ಥಿಂಗ್ ತೇಲುತ್ತಿದೆ, ಅಂದರೆ ಎಲ್ಲಿಗೂ ಕೂಡಿಲ್ಲ. ಕಂಪ್ಯೂಟರ್ ಕ್ಯಾಬಿನೆಟ್ ಚುರುಚುರು ಅನ್ನುವುದು ಬಹುಮಟ್ಟಿಗೆ ಇದರಿಂದಲೇ: ಅದರ ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಬಾಡಿಗೆ ಅರ್ಧ ವೋಲ್ಟೇಜ್ ಸೋರಿಸುತ್ತವೆ, ಅರ್ಥಿಂಗ್ ಇದ್ದರೆ ಅದು ಅಲ್ಲೇ ಇಳಿದುಹೋಗುತ್ತದೆ. ಎರಡು ಪಿನ್ನಿನ ಚಾರ್ಜರ್ ಇರುವ ಲ್ಯಾಪ್‌ಟಾಪ್‌ನದು ಬೇರೆ ಮಾತು, ಅದಕ್ಕೆ ಅರ್ಥಿಂಗ್ ಪಿನ್ನೇ ಇಲ್ಲ. ಮನೆಯಲ್ಲಿ ಗೀಸರ್ ಓಡುತ್ತಿರುವಾಗಲೂ ಒಂದು ಸಾಕೆಟ್‌ನ ನ್ಯೂಟ್ರಲ್-ಅರ್ಥಿಂಗ್ ನಡುವೆ ಸರಿಯಾಗಿ 0.0 ಬಂದರೆ ಖುಷಿಪಡಬೇಡಿ, ಹಂತ 6ರ ಲೂಪನ್ನು ಮತ್ತೆ ಹುಡುಕಿ.

ಫೇಲ್ ಆದ ಪಾಯಿಂಟಿಗೆ ಏನು ಮಾಡಿಸಬೇಕು

ಹೊಸ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಒಂದೇ ದೃಶ್ಯ. ಬೋರ್ಡಿನ ಪ್ಲೇಟ್ ತೆಗೆದರೆ ಹಸಿರು ವೈರ್ ಬಂದಿರುತ್ತದೆ. ಗಾರೆ ಮೆತ್ತಿದ ಡಬ್ಬಿಯ ಮೂಲೆಯಲ್ಲಿ ನಾಲ್ಕು ಸುತ್ತು ಸುರುಳಿ ಮಾಡಿ, ತುದಿಗೆ ಟೇಪ್ ಸುತ್ತಿ ಮಡಚಿಟ್ಟಿರುತ್ತಾರೆ, ಸಾಕೆಟ್‌ನ ಅರ್ಥಿಂಗ್ ಸ್ಕ್ರೂ ಖಾಲಿ. ಎರಡು ನಿಮಿಷದ ಕೆಲಸ. ಬೋರ್ಡಿನೊಳಗಿನ ತಿರುಚಿದ ಜೋಡಣೆಗಳಿಗೆ ಕನೆಕ್ಟರ್ ಹಾಕಿಸಿ. 16 ಆಂಪ್ ಪಾಯಿಂಟಿಗೆ ಫೇಸ್ ವೈರ್ 2.5 ಅಥವಾ 4 ಇದ್ದು ಹಸಿರು ಮಾತ್ರ 1 ಎಂಎಂ ಎಳೆದಿದ್ದರೆ ಬದಲಿಸಲು ಹೇಳಿ; ಮನೆಗೆ ಬಳಸುವ ವೈರುಗಳಲ್ಲಿ ಫೇಸ್ ಎಷ್ಟು ದಪ್ಪವೋ ಹಸಿರೂ ಅಷ್ಟೇ ದಪ್ಪ ಇರಬೇಕು. ಬೋರ್‌ವೆಲ್ ಪೈಪಿಗೋ ನಲ್ಲಿ ಪೈಪಿಗೋ ಅರ್ಥಿಂಗ್ ಕೊಡುತ್ತೇನೆ ಎಂದರೆ ಒಪ್ಪಬೇಡಿ, ನಡುವೆ ಒಂದಡಿ ಪಿವಿಸಿ ತುಂಡು ಸೇರಿದರೆ ಮುಗಿಯಿತು. ಗ್ಯಾಸ್ ಪೈಪಿನ ಮಾತಂತೂ ಎತ್ತಲೇಬಾರದು.

ಮಲೆನಾಡಿನ, ಹಳೆ ಪೇಟೆಗಳ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎರಡೇ ವೈರ್ ಓಡಿರುತ್ತದೆ, ಹಸಿರು ಇರುವುದೇ ಇಲ್ಲ. ಇಡೀ ಮನೆಯ ವೈರಿಂಗ್ ಒಮ್ಮೆಗೇ ಬದಲಿಸಲು ಆಗದಿದ್ದರೆ ಕ್ರಮ ಹೀಗಿರಲಿ: ಈ ವಾರವೇ ಮೇನ್ ನಂತರ 30 ಮಿಲಿ ಆಂಪ್ ಆರ್‌ಸಿಸಿಬಿ. ಆಮೇಲೆ ಒಂದು ಗುಂಡಿ, ಅಲ್ಲಿಂದ ಗೀಸರ್, ವಾಷಿಂಗ್ ಮೆಷಿನ್, ನೀರಿನ ಮೋಟರ್‌ಗೆ ಗೋಡೆಯ ಹೊರಗಿನಿಂದಲೇ ಕೇಸಿಂಗ್ ಪಟ್ಟಿಯಲ್ಲಿ ಹಸಿರು ವೈರ್. ನಂತರ ಫ್ರಿಜ್, ಗ್ರೈಂಡರ್, ಇಸ್ತ್ರಿ ಪೆಟ್ಟಿಗೆಯ ಪಾಯಿಂಟ್. ಒಂದೊಂದು ಎಳೆದಾಗಲೂ ಹಂತ 5ರ ಅಳತೆ ತೆಗೆದು, ತಾರೀಖು ಹಾಕಿ, ಡಿಬಿ ಬಾಗಿಲ ಒಳಬದಿಯಲ್ಲಿ ಆ ಚೀಟಿ ಅಂಟಿಸಿಡಿ.